ಶಿಫಾರಸಿನ ಹಾಸಿಗೆ

ಮುಂಬಯಿಯ ಫೋರ್ಟ್ ಪ್ರದೇಶದಲ್ಲಿ ಕೋಟೆ ಹೆಸರಿಗೆ ಮಾತ್ರ ಉಳಿದಿದೆ. ಗವರ್ನರ್ ಬಾರ್ಟಲ್ ಫ್ರೇರ್ ಅವರ ಆಡಳಿತದಲ್ಲಿ, 1860ರ ದಶಕದಲ್ಲಿ, ಅದರ ಗೋಡೆಗಳನ್ನು ಕೆಡವಿಸಲಾಯಿತು. ಹಳೆಯ ಗೋಡೆಯ ಅಳಿದುಳಿದ ಭಾಗವನ್ನು ನೋಡಬೇಕೆನ್ನುವವರು ರೈಲ್ವೆ ಟರ್ಮಿನಸ್ಸಿನ ಹಿಂಬದಿಯ ಸೇಂಟ್ ಜಾರ್ಜ್ ಆಸ್ಪತ್ರೆಯ ಬಳಿ ಹೋಗಬೇಕು. ಒಂದು ಕಾಲಕ್ಕೆ ಈ ಆಸ್ಪತ್ರೆ ಯುರೋಪಿಯನ್ನರಿಗೆ ಮೀಸಲು. ಉಳಿದವರಿಗೆ ಜೆ.ಜೆ., ಗೋಕುಲದಾಸ್ ತೇಜಪಾಲ್, ಕಾಮಾ ಆಸ್ಪತ್ರೆಗಳಿದ್ದವು. ಮೂರೂ ಈ ಊರಿನ ವರ್ತಕರ ದಾನದಿಂದ ಎದ್ದು ನಿಂತವು. ಯಾರು ಯಾವ ಬಾಗಿಲಿನಿಂದ ಒಳಗೆ ಹೋಗಬೇಕೆಂಬುದು ಆಗ ಚರ್ಮದ ಬಣ್ಣದಿಂದ ನಿರ್ಧಾರವಾಗುತ್ತಿತ್ತು. 2020ರ ಏಪ್ರಿಲ್‌ನಲ್ಲಿ ಅದೇ ಸೇಂಟ್ ಜಾರ್ಜ್ ಕೋವಿಡ್ ರೋಗಿಗಳಿಗೆಂದೇ ಮೀಸಲಾದಾಗ, ಅದರ ಬಾಗಿಲಲ್ಲಿ ನಿಂತವರಲ್ಲಿ ಹೆಚ್ಚಿನವರು ಬೇರೆ ಬಾಗಿಲು ಇಲ್ಲದವರು.

ಈ ಪ್ರದೇಶದ ಒಂದು ಕಚೇರಿಯಲ್ಲಿ ನಾನು ಇಪ್ಪತ್ತೆರಡು ವರ್ಷ ದುಡಿದಿದ್ದೇನೆ. ಆದುದರಿಂದ ಫೋರ್ಟ್ ಎಂದರೆ ನನಗೆ ಬ್ಯಾಂಕು, ನ್ಯಾಯಾಲಯಗಳಿಗಿಂತ ಮೊದಲು ಉಡುಪಿ ಹೋಟೆಲುಗಳು ನೆನಪಾಗುತ್ತವೆ. ಹಗಲು ಲೋಟ ತೊಳೆದು ರಾತ್ರಿಶಾಲೆಯಲ್ಲಿ ಕನ್ನಡ ಕಲಿತ ಎಷ್ಟೋ ಹುಡುಗರು ಇಲ್ಲಿಂದಲೇ ಮೇಲೆ ಬಂದರು. ಮೇಲೆ ಬಾರದೆ ಹೋಟೆಲಿನ ಅಟ್ಟದಲ್ಲಿಯೇ ವಯಸ್ಸಾದವರೂ ಇದ್ದಾರೆ. ಅಂಥವರಲ್ಲೊಬ್ಬರ ವಿಷಯವನ್ನು ಬರೆಯಬೇಕೆಂದು ಬಹಳ ದಿನಗಳಿಂದ ಇತ್ತು. ಬರೆದರೆ ನನ್ನ ವಿಷಯವನ್ನೂ ಬರೆಯಬೇಕಾಗುತ್ತದೆಂದು ಮುಂದೂಡುತ್ತ ಬಂದೆ.

2020ರ ಮೇ ತಿಂಗಳ ನಡುವೆ ಮುಲುಂಡಿನಲ್ಲಿರುವ ನನ್ನ ಭಾವನವರಿಗೆ ಜ್ವರ ಬಂತು. ಮೂರನೆಯ ದಿನ ಉಸಿರು ಕಟ್ಟತೊಡಗಿತು. ಅಕ್ಕ ಅಳುತ್ತ ಫೋನ್ ಮಾಡಿದಳು. ನಾನು ನಮ್ಮ ಸಮಾಜದ ಹಿರಿಯರೊಬ್ಬರಿಗೆ ಫೋನ್ ಮಾಡಿದೆ, ಅವರು ಒಂದು ಧರ್ಮಾರ್ಥ ಆಸ್ಪತ್ರೆಯ ಟ್ರಸ್ಟಿಯೊಬ್ಬರಿಗೆ ಮಾಡಿದರು. ಎರಡು ಗಂಟೆಯೊಳಗೆ ಹಾಸಿಗೆ ಸಿದ್ಧವಾಯಿತು. ಹಾಸಿಗೆ ಖಾಲಿ ಇಲ್ಲವೆಂದು ಬೆಳಗ್ಗೆಯಷ್ಟೇ ಅದೇ ಆಸ್ಪತ್ರೆಯ ದೂರವಾಣಿಯಲ್ಲಿ ಹೇಳಿದ್ದರು. ಭಾವನವರು ಹದಿನಾಲ್ಕು ದಿನಗಳ ನಂತರ ಗುಣವಾಗಿ ಮನೆಗೆ ಬಂದರು. ನಾವು ಬಸದಿಗೆ ಕಾಣಿಕೆ ಕಳುಹಿಸಿದೆವು.

ಅದೇ ವಾರ ಕಾರ್ಕಳ ತಾಲ್ಲೂಕಿನವರೊಬ್ಬರು ನನಗೆ ಫೋನ್ ಮಾಡಿದರು. ಹದಿನೈದು ವರ್ಷ ನನಗೆ ಬೆಳಗಿನ ತಿಂಡಿ ತಂದುಕೊಟ್ಟ ಸಪ್ಲಾಯರ್. ಹೋಟೆಲು ಮುಚ್ಚಿತ್ತು, ಲೋಕಲ್ ರೈಲು ನಿಂತಿತ್ತು, ಅಟ್ಟದಲ್ಲಿ ಹನ್ನೆರಡು ಜನ ಒಟ್ಟಿಗೆ ಮಲಗುತ್ತಿದ್ದರು. ಊರಿಗೆ ಹೋಗಲು ಸೇವಾ ಸಿಂಧು ಪಾಸಿಗೆ ಅರ್ಜಿ ಹಾಕಿ ಕಾಯುತ್ತಿದ್ದಾಗಲೇ ಜ್ವರ ಹಿಡಿದಿತ್ತು. "ನೀವು ಯಾರಿಗಾದರೂ ಒಂದು ಮಾತು ಹೇಳಿದ್ರೆ ಆಗ್ತದಾ ಸರ್?" ಎಂದು ಕೇಳಿದರು. ನಾನು ಪಾಲಿಕೆಯ ಸಹಾಯವಾಣಿ 1916ರ ಸಂಖ್ಯೆ ಕೊಟ್ಟೆ. ಎರಡು ಸಾವಿರ ರೂಪಾಯಿ ಕಳುಹಿಸಿದೆ. ಒಂದು ಮಾತನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಏಕೆ ಹೇಳಲಿಲ್ಲ ಎಂದು ಅನೇಕ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಟ್ರಸ್ಟಿಯವರ ಉಪಕಾರವನ್ನು ಒಂದೇ ವಾರದಲ್ಲಿ ಎರಡು ಸಲ ಕೇಳುವುದು ಸರಿಯಲ್ಲವೆನಿಸಿತ್ತು. ಅಂದರೆ ಆ ಹಾಸಿಗೆಯನ್ನು ನಾನು ನನ್ನ ಖಾತೆಯ ಠೇವಣಿಯೆಂದು ತಿಳಿದಿದ್ದೆ, ಖರ್ಚು ಮಾಡುವಾಗ ಲೆಕ್ಕ ಹಾಕಿದ್ದೆ. ಅವರಿಗೆ ನಾಲ್ಕು ದಿನಗಳ ನಂತರ ಸರ್ಕಾರಿ ಆಸ್ಪತ್ರೆಯಲ್ಲಿ ಸ್ಥಳ ಸಿಕ್ಕಿತು. ಬದುಕಿದರು. ಮುಂಬಯಿಗೆ ಮತ್ತೆ ಬರಲಿಲ್ಲ. ಮರುವರ್ಷ ನನ್ನ ಖಾತೆಗೆ ಎರಡು ಸಾವಿರ ರೂಪಾಯಿ ಹಿಂದಿರುಗಿ ಬಂದಿತ್ತು.

ಲಾಕ್‌ಡೌನಿನ ಕಾಲದ ಸಿರಿವಂತಿಕೆಯ ಮಾತು ಬಂದಾಗಲೆಲ್ಲ ನಾವು ವಾಧವಾನ್ ಸಹೋದರರ ಹೆಸರನ್ನು ಎತ್ತುತ್ತೇವೆ. ಎತ್ತಬೇಕಾದ ಹೆಸರೇ. 2020ರ ಏಪ್ರಿಲ್ ಎರಡನೆಯ ವಾರ, ಜಿಲ್ಲೆಯಿಂದ ಜಿಲ್ಲೆಗೆ ಯಾರೂ ಕದಲಬಾರದೆಂಬ ಆಜ್ಞೆಯಿದ್ದಾಗ, ಡಿಎಚ್‌ಎಫ್‌ಎಲ್ ಪ್ರವರ್ತಕರಾದ ಕಪಿಲ್ ಮತ್ತು ಧೀರಜ್ ವಾಧವಾನ್ ತಮ್ಮ ಕುಟುಂಬದವರು, ಅಡುಗೆಯವರು, ಸೇವಕರನ್ನೆಲ್ಲ ಸೇರಿಸಿಕೊಂಡು 23 ಜನ ಖಂಡಾಲದಿಂದ ಮಹಾಬಲೇಶ್ವರಕ್ಕೆ ಕಾರುಗಳಲ್ಲಿ ಹೋದರು. ಕೈಯಲ್ಲಿ ಮಹಾರಾಷ್ಟ್ರ ಗೃಹ ಇಲಾಖೆಯ ಹಿರಿಯ ಅಧಿಕಾರಿಯೊಬ್ಬರ ಪತ್ರವಿತ್ತು. ಇವರು ತಮಗೆ ಪರಿಚಿತರು, ಕೌಟುಂಬಿಕ ತುರ್ತಿನ ನಿಮಿತ್ತ ಪ್ರಯಾಣಿಸುತ್ತಿದ್ದಾರೆ ಎಂಬುದು ಅದರ ಸಾರ. ಅಧಿಕಾರಿಯನ್ನು ಕಡ್ಡಾಯ ರಜೆಯ ಮೇಲೆ ಕಳುಹಿಸಿದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅವರು ಪುಣೆಯ ಪೊಲೀಸ್ ಆಯುಕ್ತರಾಗಿ ನೇಮಕಗೊಂಡರು. ಮಂತ್ರಾಲಯವಿರುವುದು ಫೋರ್ಟಿನಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ. ಅಲ್ಲಿಂದ ಹೊರಟ ಆ ಒಂದು ಕಾಗದಕ್ಕೂ ನಾನು ಮಾಡಿದ ಆ ಒಂದು ಫೋನಿಗೂ ಇರುವ ವ್ಯತ್ಯಾಸ ಗಾತ್ರದ್ದೋ, ಜಾತಿಯದ್ದೋ? ನನ್ನ ಭಾವನವರಿಗೆ ನಿಜವಾಗಿಯೂ ಉಸಿರು ಕಟ್ಟುತ್ತಿತ್ತು, ವಿಹಾರಕ್ಕೆ ಹೋಗಿರಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದು. ಹೋಟೆಲಿನವರಿಗೂ ಉಸಿರು ಕಟ್ಟುತ್ತಿತ್ತು.

ಮೇ 12ರಂದು ದುಬೈಯಿಂದ ಮಂಗಳೂರಿಗೆ ವಂದೇ ಭಾರತ್ ವಿಮಾನ ಬಂದಿಳಿಯಿತು. ಅದರಲ್ಲಿದ್ದವರೆಲ್ಲ ಸಿರಿವಂತರೆಂದು ಹೇಳಿದರೆ ಅನ್ಯಾಯವಾದೀತು. ಕೆಲಸ ಕಳೆದುಕೊಂಡವರೂ ಗರ್ಭಿಣಿಯರೂ ಇದ್ದರು. ಆದರೆ ಒಂದು ವಾರ ಕಳೆಯುವುದರೊಳಗೆ, ಮೇ 18ರಂದು, ಮಹಾರಾಷ್ಟ್ರವೂ ಸೇರಿದಂತೆ ನಾಲ್ಕು ರಾಜ್ಯಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲವೆಂದು ಕರ್ನಾಟಕ ಸರ್ಕಾರ ಪ್ರಕಟಿಸಿತು. ದುಬೈ ಹತ್ತಿರವಾಯಿತು, ಮುಂಬಯಿ ದೂರವಾಯಿತು. ಊರಿನ ನಮ್ಮವರೇ "ಬಾಂಬೆಯವರು ಬರುವುದು ಬೇಡ" ಎಂದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ರೋಗಕ್ಕೆ ಬಡವ-ಬಲ್ಲಿದರೆಂಬ ಭೇದವಿಲ್ಲ ಎಂಬ ಮಾತು ಆಗ ಬಹಳ ಕೇಳಿಬರುತ್ತಿತ್ತು. ಜುಲೈ ತಿಂಗಳಲ್ಲಿ ಮುಂಬಯಿಯ ಮೂರು ವಾರ್ಡುಗಳಲ್ಲಿ ರಕ್ತಪರೀಕ್ಷೆಯ ಸಮೀಕ್ಷೆ ನಡೆದಾಗ ಕೊಳೆಗೇರಿಗಳಲ್ಲಿ ಶೇಕಡ 57 ಜನರಿಗೆ, ಇತರ ವಸತಿಗಳಲ್ಲಿ ಶೇಕಡ 16 ಜನರಿಗೆ ಸೋಂಕು ಆಗಿಹೋಗಿರುವುದು ಕಂಡುಬಂತು. ಒಂದೇ ವಾರ್ಡು, ನಡುವೆ ಒಂದು ರಸ್ತೆ. ಮನೆಯಲ್ಲಿ ಕುಳಿತಿರುವುದಕ್ಕೆ ಮನೆ ಬೇಕು, ಕೈ ತೊಳೆಯುವುದಕ್ಕೆ ನೀರು ಬೇಕು. ಇದಕ್ಕಿಂತ ಹೆಚ್ಚಿನ ವ್ಯಾಖ್ಯಾನವನ್ನು ಆ ಅಂಕಿಗಳು ಬೇಡುವುದಿಲ್ಲ.

ನಾನು ನಮ್ಮ ಸಮಾಜದ ಮುಂದೆ ಇಡಬೇಕಾದ ಮಾತು ಧರ್ಮಾರ್ಥ ಹಾಸಿಗೆಗಳದ್ದು. ಮಹಾರಾಷ್ಟ್ರದ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ 41ಎಎ ವಿಧಿ ಮತ್ತು ಬಾಂಬೆ ಹೈಕೋರ್ಟ್ 2006ರಲ್ಲಿ ರೂಪಿಸಿದ ಯೋಜನೆಯ ಪ್ರಕಾರ ಧರ್ಮಾರ್ಥ ಆಸ್ಪತ್ರೆಗಳು ಶೇಕಡ 10 ಹಾಸಿಗೆಗಳನ್ನು ನಿರ್ಗತಿಕರಿಗೆ ಉಚಿತವಾಗಿಯೂ ಇನ್ನು ಶೇಕಡ 10 ಹಾಸಿಗೆಗಳನ್ನು ದುರ್ಬಲ ವರ್ಗದವರಿಗೆ ರಿಯಾಯಿತಿ ದರದಲ್ಲಿಯೂ ಮೀಸಲಿಡಬೇಕು. ತಮ್ಮ ಬಿಲ್ಲುಗಳ ಮೊತ್ತದ ಶೇಕಡ 2ರಷ್ಟನ್ನು ಇದಕ್ಕಾಗಿ ಪ್ರತ್ಯೇಕ ನಿಧಿಯಲ್ಲಿ ತೆಗೆದಿರಿಸಬೇಕು. ತೆರಿಗೆಯ ವಿನಾಯಿತಿ ಪಡೆದ ಸಂಸ್ಥೆಗಳು ಸಾರ್ವಜನಿಕರಿಗೆ ಮರಳಿಸಬೇಕಾದ ಋಣವಿದು. ಇದಲ್ಲದೆ 2020ರ ಮೇ 21ರ ಆದೇಶದ ಮೂಲಕ ಸರ್ಕಾರವು ಖಾಸಗಿ ಆಸ್ಪತ್ರೆಗಳ ಶೇಕಡ 80 ಹಾಸಿಗೆಗಳಿಗೆ ದರ ನಿಗದಿ ಮಾಡಿತು: ದಿನಕ್ಕೆ ಸಾಮಾನ್ಯ ವಾರ್ಡಿಗೆ 4,000, ತುರ್ತು ಘಟಕಕ್ಕೆ 7,500, ವೆಂಟಿಲೇಟರ್ ಸಹಿತವಾದರೆ 9,000 ರೂಪಾಯಿ. ರಕ್ಷಾಕವಚದ ಉಡುಪಿನಂಥವು ಈ ದರದ ಹೊರಗಿದ್ದುದರಿಂದ ಬಿಲ್ಲು ಅಲ್ಲಿಂದಲೇ ಮತ್ತೆ ಬೆಳೆಯಿತು. ಕಾನೂನು ಇರಲಿಲ್ಲವೆಂದು ಯಾರೂ ಹೇಳುವಂತಿಲ್ಲ.

ಇದ್ದ ಕಾನೂನು ಯಾರನ್ನು ತಲುಪಿತು? ಬಾಂದ್ರಾದ ಕೊಳೆಗೇರಿ ಪುನರ್ವಸತಿ ಕಟ್ಟಡದ ಏಳು ನಿವಾಸಿಗಳು ಆ ಏಪ್ರಿಲ್‌ನಲ್ಲಿ ಒಂದು ಧರ್ಮಾರ್ಥ ಆಸ್ಪತ್ರೆಗೆ ಸೇರಿದರು. ಬಿಲ್ಲು ಒಟ್ಟು ಹನ್ನೆರಡೂವರೆ ಲಕ್ಷ ರೂಪಾಯಿ. ಅವರು ಹೈಕೋರ್ಟಿನ ಮೊರೆಹೊಕ್ಕರು. ತಾವು ಬಡವರೆಂಬುದಕ್ಕೆ ಅವರು ದಾಖಲೆ ಕೊಡಲಿಲ್ಲವೆಂಬ ವಾದ ಬಂತು. ಇಂಥ ರೋಗಕ್ಕೆ ತುತ್ತಾದವರು ಆಸ್ಪತ್ರೆಗೆ ಸೇರುವ ಮೊದಲು ಆದಾಯದ ಪುರಾವೆ ತರಬೇಕೆಂದು ನಿರೀಕ್ಷಿಸಲಾಗದು ಎಂದ ನ್ಯಾಯಪೀಠ, ಹತ್ತು ಲಕ್ಷ ರೂಪಾಯಿಯನ್ನು ನ್ಯಾಯಾಲಯದಲ್ಲಿ ಇಡುವಂತೆ ಜೂನ್‌ನಲ್ಲಿ ಆಸ್ಪತ್ರೆಗೆ ಆದೇಶಿಸಿತು. ಆ ಹೈಕೋರ್ಟು ಇರುವುದೂ ಫೋರ್ಟಿನಲ್ಲಿಯೇ. ಅಲ್ಲಿಯವರೆಗೆ ಹೋಗಲು ಏಳು ಜನಕ್ಕೆ ಸಾಧ್ಯವಾಯಿತು.

ಬಡವನಿಂದ ತಹಶೀಲ್ದಾರರ ಪ್ರಮಾಣಪತ್ರ ಕೇಳುವ ಅದೇ ಮೇಜು ನನ್ನಿಂದ ಏನನ್ನೂ ಕೇಳಲಿಲ್ಲ. ನನ್ನ ಪ್ರಮಾಣಪತ್ರ ಟ್ರಸ್ಟಿಯವರ ಧ್ವನಿಯಾಗಿತ್ತು.

ಹೀಗೆ ಹೇಳಿದರೆ ಸಮಾಜದ ಹಿರಿಯರು ನೊಂದುಕೊಳ್ಳುತ್ತಾರೆಂದು ಬಲ್ಲೆ. "ನಮ್ಮವರು ಕೊಟ್ಟ ಹಣ, ಕಷ್ಟಕಾಲದಲ್ಲಿ ನಮ್ಮವರಿಗೆ ಒದಗಿದರೆ ತಪ್ಪೇನು?" ಎನ್ನುತ್ತಾರೆ. ಈ ಮಾತಿಗೆ ಚರಿತ್ರೆಯ ಬೆಂಬಲವೂ ಇದೆ. 1896ರ ಸೆಪ್ಟೆಂಬರ್‌ನಲ್ಲಿ ಮಾಂಡವಿಯಲ್ಲಿ ಪ್ಲೇಗ್ ಕಾಣಿಸಿಕೊಂಡ ಮೇಲೆ ಈ ನಗರದ ಹಲವು ಸಮುದಾಯಗಳು ತಂತಮ್ಮವರಿಗಾಗಿ ಬೇರೆ ಬೇರೆ ಪ್ಲೇಗ್ ಆಸ್ಪತ್ರೆಗಳನ್ನು ತೆರೆದಿದ್ದವು. ಸರ್ಕಾರಿ ಆಸ್ಪತ್ರೆಗೆ ಎಳೆದೊಯ್ಯುತ್ತಾರೆಂಬ ಭಯವಿದ್ದ ಕಾಲದಲ್ಲಿ ಅವು ಪ್ರಾಣಗಳನ್ನು ಉಳಿಸಿದವು. ಅದನ್ನು ನಾನು ಹಗುರಾಗಿ ಕಾಣಲಾರೆ. ಲಾಕ್‌ಡೌನಿನಲ್ಲಿಯೂ ನಮ್ಮ ತರುಣರು ಬೀದಿಬೀದಿಗೆ ಊಟ ಹಂಚಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆಗ ಯಾರೂ ಉಣ್ಣುವವನ ಊರು ಕೇಳಲಿಲ್ಲ. ಆಹಾರದಲ್ಲಿ ಇಲ್ಲದ ಶಿಫಾರಸು ಔಷಧದಲ್ಲಿ ಏಕೆ ಬಂತು? ಹೊಯ್ಸಳರ ಕಾಲದ ಶಾಸನಗಳು ನಮ್ಮ ದಾನಿಗಳನ್ನು ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಸಂತಸಪಡುವವರೆಂದು ಹೊಗಳುತ್ತವೆ. ಅನ್ನಕ್ಕೆ ಅಭಾವವಿರಲಿಲ್ಲ, ಆದುದರಿಂದ ಉದಾರರಾದೆವು. ಹಾಸಿಗೆಗೆ ಅಭಾವವಿತ್ತು, ಅಲ್ಲಿ ಪರಿಗ್ರಹ ತಲೆಯೆತ್ತಿತು ಎಂದು ನನಗೆ ತೋರುತ್ತದೆ. ಪರಿಗ್ರಹಕ್ಕೆ ಮಿತಿ ಹಾಕಿಕೊಳ್ಳುವ ವ್ರತದಲ್ಲಿ ನಾವು ಹೊಲ, ಮನೆ, ಬೆಳ್ಳಿ, ಬಂಗಾರಗಳನ್ನು ಎಣಿಸುತ್ತೇವೆ. ಪರಿಚಯಗಳನ್ನು ಎಣಿಸುವ ರೂಢಿ ಇಲ್ಲ.

ಬೇರೆ ದಾರಿ ಇರಲಿಲ್ಲವೆ? ಜೂನ್ ತಿಂಗಳಲ್ಲಿ ಮುಂಬಯಿ ಪಾಲಿಕೆ ತನ್ನ 24 ವಾರ್ಡುಗಳಲ್ಲಿ ವಾರ್‌ರೂಮ್‌ಗಳನ್ನು ತೆರೆದು, ಪ್ರಯೋಗಾಲಯದ ವರದಿಗಳನ್ನು ಮೊದಲು ತಾನೇ ತರಿಸಿಕೊಂಡು, ಯಾರಿಗೆ ಎಲ್ಲಿ ಹಾಸಿಗೆ ಎಂಬುದನ್ನು ಅಲ್ಲಿಂದ ನಿರ್ಧರಿಸತೊಡಗಿತು. ರೋಗಲಕ್ಷಣವಿಲ್ಲದವರನ್ನು ದಾಖಲಿಸಿಕೊಳ್ಳಬೇಡಿರೆಂದು ಖಾಸಗಿ ಆಸ್ಪತ್ರೆಗಳಿಗೆ ಹೇಳಬೇಕಾಯಿತು. ಕಾಯ್ದಿರಿಸಿದ ಕೋಣೆಗಳಂತೆ ಹಾಸಿಗೆ ಹಿಡಿದವರಿದ್ದರೆಂಬುದು ಇದರಿಂದಲೇ ತಿಳಿಯುತ್ತದೆ. ವಾರ್‌ರೂಮಿನ ಫೋನು ಎತ್ತುವುದಿಲ್ಲವೆಂಬ ದೂರುಗಳೂ ಇದ್ದವು. ಆದರೂ ಉಸಿರಿನ ಅಳತೆಯನ್ನು ಮೊದಲು ಕೇಳಿ ಹೆಸರನ್ನು ಆಮೇಲೆ ಕೇಳುವ ಒಂದು ವ್ಯವಸ್ಥೆ ಈ ನಗರದಲ್ಲಿ ಸಾಧ್ಯವೆಂಬುದನ್ನು ಅದು ತೋರಿಸಿತು. ನನ್ನ ಹೋಟೆಲಿನ ಗೆಳೆಯರಿಗೆ ಅದು ಒಂದು ತಿಂಗಳು ತಡವಾಗಿ ಬಂತು.

ಹಣವಿದ್ದವರ ದಾರಿಯೂ ಯಾವಾಗಲೂ ಸುಗಮವಾಗಿರಲಿಲ್ಲ. 2021ರ ಮೇ ಕೊನೆಯಲ್ಲಿ ಕಾಂದಿವಲಿಯ ಒಂದು ವಸತಿ ಸಂಕೀರ್ಣದ 390 ನಿವಾಸಿಗಳು ಡೋಸಿಗೆ 1,260 ರೂಪಾಯಿಯಂತೆ ಕೊಟ್ಟು ತಮ್ಮ ಅಂಗಳದಲ್ಲಿಯೇ ಲಸಿಕೆ ಹಾಕಿಸಿಕೊಂಡರು. ಅದು ನಕಲಿ ಶಿಬಿರವೆಂದು ಆಮೇಲೆ ಗೊತ್ತಾಯಿತು. ಇದನ್ನು ಹೇಳಿ ನಗುವವರಿದ್ದಾರೆ, ನನಗೆ ನಗು ಬರುವುದಿಲ್ಲ. ಸರದಿಯಲ್ಲಿ ನಿಲ್ಲದಿರುವುದೇ ಒಂದು ಸೌಲಭ್ಯವೆಂದು ಮಾರಾಟವಾಗುವಲ್ಲಿ ಮೋಸಗಾರನಿಗೂ ಅಂಗಡಿ ತೆರೆಯಲು ಸ್ಥಳ ಸಿಗುತ್ತದೆ.

ಆಸ್ಪತ್ರೆಗಳ ಆಡಳಿತ ಮಂಡಳಿಗಳಲ್ಲಿ ನಮ್ಮ ಸಮಾಜದವರು ಇದ್ದಾರೆ. ಆ ಶೇಕಡ 20 ಹಾಸಿಗೆಗಳಲ್ಲಿ ಇಂದು ಎಷ್ಟು ತುಂಬಿವೆ, ಎಷ್ಟು ಖಾಲಿ ಇವೆ ಎಂಬುದನ್ನು ಮುಖ್ಯದ್ವಾರದಲ್ಲಿ ಮರಾಠಿ, ಹಿಂದಿ, ಕನ್ನಡಗಳಲ್ಲಿ ಬರೆದು ಹಾಕಿಸುವುದು ಅವರ ಕೈಯಲ್ಲಿದೆ. ಇದಕ್ಕೆ ಹೊಸ ದಾನಿಯೂ ಬೇಡ, ಹೊಸ ಕಾನೂನೂ ಬೇಡ.

ಚಿಕ್ಕದಾದ ಇನ್ನೊಂದು ಸಂಗತಿ ಇದೆ. ನಾನು ಸದಸ್ಯನಾಗಿರುವ ಒಂದು ವೈದ್ಯಕೀಯ ಸಹಾಯನಿಧಿಯ ಅರ್ಜಿಯಲ್ಲಿ ರೋಗಿಯ ಹೆಸರು, ವಯಸ್ಸು, ಕಾಯಿಲೆ, ವೆಚ್ಚ ಇವುಗಳ ಕೆಳಗೆ ಐದನೆಯ ಕಲಂ ಒಂದಿದೆ: ಶಿಫಾರಸು ಮಾಡಿದ ಇಬ್ಬರು ಸದಸ್ಯರ ಹೆಸರು ಮತ್ತು ಸಹಿ. ಕಳೆದ ವಾರ್ಷಿಕ ಸಭೆಯಲ್ಲಿ ಅದನ್ನು ತೆಗೆದುಹಾಕಿ, ವೈದ್ಯರ ಪತ್ರವೊಂದೇ ಸಾಕೆಂದು ಬದಲಾಯಿಸಬೇಕೆಂದು ಕೇಳಿದೆ. ನಿಧಿ ದುರುಪಯೋಗವಾದೀತೆಂದು ಒಬ್ಬರು, ಗುರುತಿಲ್ಲದವರಿಗೆ ಹೇಗೆ ಕೊಡುವುದೆಂದು ಇನ್ನೊಬ್ಬರು ಹೇಳಿದರು. ಮುಂದಿನ ಸಭೆಗೆ ಬಿಡೋಣ ಎಂದಾಯಿತು. ಊಟ ಚೆನ್ನಾಗಿತ್ತು. ಮುಂದಿನ ಸಭೆಯ ಸೂಚನಾಪತ್ರ ಹೋದ ವಾರ ಬಂದಿದೆ; ಆ ಸೂಚನೆಯನ್ನು ಮತ್ತೆ ಬರೆದು ಕಳುಹಿಸಿದ್ದೇನೆ. ಅನುಮೋದಕರ ಹೆಸರಿನ ಜಾಗ ಇನ್ನೂ ಖಾಲಿ ಇದೆ.