ಕಡಿಮೆ ತೂಕದ ಶಿಶುವಿಗೆ ತಾಯಿಯ ಮೈಶಾಖ

ಎರಡೂವರೆ ಕಿಲೋಗ್ರಾಮಿಗಿಂತ ಕಡಿಮೆ ತೂಕದಿಂದ ಹುಟ್ಟಿದ ಶಿಶುವಿನ ದೊಡ್ಡ ಶತ್ರುಗಳಲ್ಲಿ ಚಳಿಯೂ ಒಂದು. ವೈದ್ಯಶಾಸ್ತ್ರವು ನಮ್ಮ ವಿಷಯವಲ್ಲ. ಆದರೆ ಚಳಿಯ ಮಾತು ಬಂದಾಗ ಭೌತಶಾಸ್ತ್ರವನ್ನು ಬೋಧಿಸುವ ನಮಗೂ ಎರಡು ಮಾತುಗಳನ್ನಾಡುವ ಅಧಿಕಾರವುಂಟೆಂದು ಭಾವಿಸುತ್ತೇವೆ.

ದೇಹವು ಶಾಖವನ್ನು ಉತ್ಪಾದಿಸುವುದು ತನ್ನ ಒಡಲಿನಲ್ಲಿ. ಕಳೆದುಕೊಳ್ಳುವುದು ಮುಖ್ಯವಾಗಿ ಮೇಲ್ಮೈಯಿಂದ. 60 ಕಿಲೋಗ್ರಾಂ ತೂಕದ ವಯಸ್ಕನನ್ನು ಅದೇ ಆಕಾರದಲ್ಲಿ 1.5 ಕಿಲೋಗ್ರಾಮಿಗೆ ಕುಗ್ಗಿಸಿದೆವೆಂದು ಊಹಿಸಿರಿ. ತೂಕವು ನಲವತ್ತರಲ್ಲೊಂದು ಪಾಲಾದರೆ ಮೇಲ್ಮೈಯು ಸುಮಾರು ಹನ್ನೆರಡರಲ್ಲೊಂದು ಪಾಲು ಮಾತ್ರ ಆಗುತ್ತದೆ. ಎಂದರೆ ಪ್ರತಿಯೊಂದು ಗ್ರಾಂ ತೂಕಕ್ಕೂ ಶಾಖ ಸೋರುವ ಬಾಗಿಲು ಮೂರು ಪಟ್ಟಿಗಿಂತಲೂ ದೊಡ್ಡದಾಯಿತು. ಚರ್ಮದಡಿಯ ಕೊಬ್ಬೋ ಅತ್ಯಲ್ಪ. ಇನ್ನು ತೇವದ ವಿಚಾರ. ಒಂದು ಗ್ರಾಂ ನೀರು ಮೈಮೇಲೆ ಆರಲು ಸುಮಾರು 580 ಕ್ಯಾಲರಿ ಶಾಖ ಬೇಕು. ಎರಡು ಗ್ರಾಂ ನೀರು ಆರಿ, ಆ ಶಾಖವೆಲ್ಲವೂ ಶಿಶುವಿನಿಂದಲೇ ಹೋದುದಾದರೆ ಅದರ ಮೈ ಹೆಚ್ಚುಕಡಿಮೆ ಒಂದು ಡಿಗ್ರಿ ತಣ್ಣಗಾಗುತ್ತದೆ. ಎಣ್ಣೆಯೊತ್ತಿ ನೀರು ಹಾಕುವ ನಮ್ಮ ಅಜ್ಜಿಯರ ಕೈಯಲ್ಲಿ ವಾತ್ಸಲ್ಯವಿದೆ, ನಿಜ. ಆದರೆ ಇಂತಹ ಕೂಸಿಗೆ ಆ ನೀರು ಅಪಾಯಕರ.

1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ ಇನ್‌ಕ್ಯುಬೇಟರುಗಳು ಸಾಲದೆ ಹೋದಾಗ, ಎಡ್ಗರ್ ರೇ ಸನಾಬ್ರಿಯಾ ಎಂಬ ವೈದ್ಯರು ಶಿಶುಗಳನ್ನು ತಾಯಂದಿರ ಬರಿಯ ಎದೆಗೆ ಅಪ್ಪಿಸಿ ಬಟ್ಟೆಯಿಂದ ಕಟ್ಟಿಸಿದರು. ಇದೇ ಕಾಂಗರೂ ಆರೈಕೆ. ತಾಯಿಯ ಎದೆಯು ಶಾಖವನ್ನು ಕೊಡುವುದಲ್ಲದೆ, ಸೋರುವ ಬಾಗಿಲಿನ ಒಂದು ದೊಡ್ಡ ಭಾಗವನ್ನೇ ಮುಚ್ಚುತ್ತದೆ. ಮೈ ನೇವರಿಸುವ ಚಿಕಿತ್ಸೆ ಬೇರೆ. 1986ರಲ್ಲಿ ಟಿಫನಿ ಫೀಲ್ಡ್ ಮತ್ತು ಸಂಗಡಿಗರು, ದಿನಕ್ಕೆ ಮೂರು ಬಾರಿ 15 ನಿಮಿಷ ನೇವರಿಸಿದ ಶಿಶುಗಳ ತೂಕವು ಇತರ ಶಿಶುಗಳಿಗಿಂತ ಶೇಕಡಾ 47ರಷ್ಟು ವೇಗವಾಗಿ ಏರಿತೆಂದು ಪ್ರಕಟಿಸಿದರು. ಅಂದು ಪರೀಕ್ಷಿಸಿದ್ದು 40 ಶಿಶುಗಳನ್ನು ಮಾತ್ರ. ಅಂತಹ ಪ್ರಯೋಗಗಳ ಕ್ರಮದಲ್ಲಿ ದೋಷಗಳಿವೆಯೆಂದು ಬಳಿಕ ವಿಮರ್ಶಕರು ತೋರಿಸಿದರು. ಕಾಂಗರೂ ಆರೈಕೆಯ ಆಧಾರ ಇದಕ್ಕಿಂತ ಗಟ್ಟಿಯಾದುದು. ಭಾರತವೂ ಸೇರಿ ಐದು ದೇಶಗಳಲ್ಲಿ 3,211 ಶಿಶುಗಳ ಮೇಲೆ ನಡೆದ ಪ್ರಯೋಗದ ಫಲ 2021ರಲ್ಲಿ ಹೊರಬಂದಿತು. ಹುಟ್ಟಿದೊಡನೆಯೇ ಈ ಆರೈಕೆಗೆ ತೊಡಗಿದ ಗುಂಪಿನಲ್ಲಿ 28 ದಿನಗಳೊಳಗೆ ಸತ್ತವು ಶೇಕಡಾ 12. ಮೊದಲು ಶಿಶು ಸ್ಥಿರಗೊಳ್ಳಲೆಂದು ಕಾದ ಗುಂಪಿನಲ್ಲಿ ಶೇಕಡಾ 15.7. ತಾಯಿ ಒಳಗೆ ಬಂದರೆ ಸೋಂಕು ಬರುತ್ತದೆಂಬುದು ಹಳೆಯ ಆಕ್ಷೇಪ. ಆ ಪ್ರಯೋಗದಲ್ಲಿ ಸೋಂಕಿನ ಶಂಕೆಯೂ ತಾಯಿಯೊಡನಿದ್ದ ಶಿಶುಗಳಲ್ಲೇ ಕಡಿಮೆಯಾಗಿತ್ತು.

ನಮ್ಮ ಕೊಪ್ಪಳ ಜಿಲ್ಲೆಯಲ್ಲಿಯೂ ಈ ಕ್ರಮವನ್ನು ಆಸ್ಪತ್ರೆಯಿಂದ ಮನೆಯವರೆಗೆ ಮುಟ್ಟಿಸುವ ಯತ್ನ ನಡೆದಿದೆ. ಕೋಲಾರ ಜಿಲ್ಲೆಗೆ ಇದು ಅಸಾಧ್ಯವೇನಲ್ಲ. ಚಾಂಪಿಯನ್ ರೀಫ್ ಗಣಿಯ ಮೂರು ಕಿಲೋಮೀಟರ್ ಆಳದಲ್ಲಿ ಬಂಡೆಯ ಬೇಗೆಯೊಡನೆ ಹೋರಾಡಲು ಭಾರಿ ಶೀತಲಯಂತ್ರಗಳನ್ನಿರಿಸಿದ ಊರಿದು. ಇಲ್ಲಿ ಬೇಕಾದುದು ಯಂತ್ರವೂ ಅಲ್ಲ.

ಆದರೆ ಬಂಗಾರಪೇಟೆಯಲ್ಲೋ ಕೆ.ಜಿ.ಎಫ್.ನಲ್ಲೋ ಹುಟ್ಟಿದ ಶಿಶುವನ್ನು ತೀವ್ರ ನಿಗಾಕ್ಕಾಗಿ ಕೋಲಾರಕ್ಕೋ ಬೆಂಗಳೂರಿಗೋ ಒಯ್ಯಬೇಕಾದಾಗ, ಶಸ್ತ್ರಚಿಕಿತ್ಸೆಯಾದ ತಾಯಿ ಹೆತ್ತ ಊರಿನಲ್ಲೇ ಉಳಿಯುವ ಸಂಭವವಿದೆ. ತಾಯಿಯನ್ನೂ ಅದೇ ವಾಹನದಲ್ಲಿ ಕಳುಹಿಸಬೇಕೆಂಬುದು ನಮ್ಮ ಅಭಿಪ್ರಾಯ. ಅದಾಗದಿದ್ದಲ್ಲಿ ತಂದೆಯ ಎದೆಯೂ ಅಜ್ಜಿಯ ಎದೆಯೂ ಅಷ್ಟೇ ಬೆಚ್ಚಗಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಹೇಳಿದುದು ದಿನಕ್ಕೆ 8ರಿಂದ 24 ಗಂಟೆ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಇಲ್ಲಿನ ಎಷ್ಟೋ ಮಂದಿ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ದುಡಿದು ಬರುವವರು. ಅಂತಹ ತಂದೆ ಎಂಟು ಗಂಟೆ ಕೂರುವುದೆಂದರೆ ಅಂದಿನ ಕೂಲಿ ಹೋಯಿತೆಂದೇ ಅರ್ಥ. ಈ ಖರ್ಚನ್ನು ಲೆಕ್ಕಕ್ಕೆ ಹಿಡಿಯದೆ ‘ತಾಯಿಯ ಎದೆ ಉಚಿತ’ ಎನ್ನುವುದು ಸರಿಯಲ್ಲ. ಆಸ್ಪತ್ರೆಗಳು ಬಿಸಿಯಂತ್ರಕ್ಕೆ ಹಣ ಕೇಳುವಾಗ, ಅದರ ಪಕ್ಕದಲ್ಲಿ ತಾಯಿಗೊಂದು ಮಂಚ, ಅವಳ ಊಟ, ಜೊತೆಗಿರುವವರ ಕೂಲಿ, ಮತ್ತು ಕನ್ನಡ, ತಮಿಳು, ತೆಲುಗು ಮೂರರಲ್ಲಿಯೂ ಕಟ್ಟುವ ಕ್ರಮವನ್ನು ತಿಳಿಸಬಲ್ಲ ದಾದಿಯ ಸಂಬಳ, ಇವನ್ನೂ ಅದೇ ಅರ್ಜಿಯಲ್ಲಿ ಬರೆಯಲಿ.