ವಿಲನ್ ಯಾವ ಊರಿನವನು?

ಸುದ್ದಿಮನೆಯಲ್ಲಿ ಒಂದು ತಿಂಗಳು ಕೂತು ತಲೆಬರಹ ಬರೆದವರಿಗೆ ‘ವಿಲನ್’ ಎಂಬ ಪದ ಎಷ್ಟು ಉಪಕಾರಿ ಎಂದು ಹೇಳಬೇಕಿಲ್ಲ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಂದ್ಯ ನಿಂತರೆ ಮಳೆ ವಿಲನ್. ಮಳೆ ಕೈಕೊಟ್ಟು ರಾಗಿ ಒಣಗಿದರೆ ಬರ ವಿಲನ್. ಸಂಸಾರ ಒಡೆದರೆ ಮೊಬೈಲ್ ವಿಲನ್, ಸಕ್ಕರೆ ಕಾಯಿಲೆ ಬಂದರೆ ಬಿಳಿ ಅನ್ನ ವಿಲನ್. ಪುಟ್ಟ ಪದ, ಎರಡು ಕಾಲಂ ಸುದ್ದಿಯ ನೆತ್ತಿಯ ಮೇಲೆ ಸಲೀಸಾಗಿ ಕೂರುತ್ತದೆ. ‘ಖಳನಾಯಕ’ ಎಂದು ಹಾಕಿದರೆ ಸಾಲು ಒಡೆಯುತ್ತದೆ. ಓದುಗರಿಗೆ ಅರ್ಥ ಬಿಡಿಸಿ ಹೇಳುವ ಕೆಲಸವೂ ಇಲ್ಲ. ವಜ್ರಮುನಿಯವರ ಕಣ್ಣು ನೋಡಿ ಬೆಳೆದ ನಾಡು ಇದು. 2018ರಲ್ಲಿ ಶಿವರಾಜ್‌ಕುಮಾರ್ ಮತ್ತು ಸುದೀಪ್ ಒಟ್ಟಿಗೆ ನಟಿಸಿದ ಕನ್ನಡ ಸಿನಿಮಾದ ಹೆಸರೇ ‘ದಿ ವಿಲನ್’. ಅನುವಾದದ ಅಗತ್ಯವೇ ಬೀಳಲಿಲ್ಲ.

ಇಷ್ಟು ನಮ್ಮದಾಗಿಹೋಗಿರುವ ಈ ಪದದ ಬುಡ ಕೆದಕಿದರೆ ಅಲ್ಲಿ ಸಿಗುವವನು ಕೆಟ್ಟವನಲ್ಲ. ಒಬ್ಬ ಹಳ್ಳಿಯವನು.

ಲ್ಯಾಟಿನ್ ಭಾಷೆಯಲ್ಲಿ ‘ವಿಲ್ಲಾ’ ಎಂದರೆ ಹಳ್ಳಿಗಾಡಿನ ಮನೆ, ಅದರ ಸುತ್ತಲಿನ ಹೊಲ, ಹಟ್ಟಿ, ಕಣಜ ಎಲ್ಲ ಸೇರಿದ ಜಮೀನ್ದಾರಿ. ಆ ಜಮೀನಿಗೆ ಕಟ್ಟುಬಿದ್ದು ಗೇಯುತ್ತಿದ್ದವನು ‘ವಿಲ್ಲಾನಸ್’. ಹಳೆಯ ಫ್ರೆಂಚ್ ಭಾಷೆಯನ್ನು ಹಾದು ಇಂಗ್ಲೆಂಡಿಗೆ ಬರುವ ಹೊತ್ತಿಗೆ ಅವನೇ ‘ವಿಲ್ಲನ್’. ವಿಲೇಜ್ ಎಂಬ ಪದವೂ ಅದೇ ಬಳ್ಳಿಯ ಕಾಯಿ. ನಾರ್ಮನ್ ದೊರೆ ವಿಲಿಯಂ 1086ರಲ್ಲಿ ಇಂಗ್ಲೆಂಡಿನ ನೆಲ, ಎತ್ತು, ನೇಗಿಲು, ಆಳು ಎಲ್ಲವನ್ನೂ ಎಣಿಸಿ ಡೂಮ್ಸ್‌ಡೇ ಬುಕ್ ಎಂಬ ದೊಡ್ಡ ದಫ್ತರ ಬರೆಸಿದನಲ್ಲ, ಅದರಲ್ಲಿ ಲೆಕ್ಕಕ್ಕೆ ಸಿಕ್ಕಿದವರ ಪೈಕಿ ಅತಿ ದೊಡ್ಡ ಗುಂಪು ಈ ವಿಲ್ಲಾನಿಗಳದೇ. ಅಂದರೆ ಅಂದಿನ ಇಂಗ್ಲೆಂಡಿನ ಬೆನ್ನೆಲುಬು. (‘ರೈತ ದೇಶದ ಬೆನ್ನೆಲುಬು’ ಎಂದು ಆಗಲೂ ಯಾರಾದರೂ ಭಾಷಣ ಬಿಗಿಯುತ್ತಿದ್ದರೋ ಏನೋ.)

ಅವನ ಬದುಕು ನಮ್ಮ ಗೇಣಿ ಒಕ್ಕಲು ಮತ್ತು ಜೀತದಾಳಿನ ನಡುವೆ ಎಲ್ಲೋ ಇತ್ತು. ತನ್ನ ಪಾಲಿನ ತುಂಡು ನೆಲ ಉಳಬಹುದು, ಆದರೆ ವಾರದಲ್ಲಿ ಇಂತಿಷ್ಟು ದಿನ ಧಣಿಯ ಹೊಲದಲ್ಲಿ ಬಿಟ್ಟಿ ದುಡಿಯಬೇಕು. ಅಪ್ಪಣೆ ಇಲ್ಲದೆ ಊರು ಬಿಡುವಂತಿಲ್ಲ. ಮಗಳ ಮದುವೆ ಮಾಡಬೇಕೆಂದರೆ ಧಣಿಗೆ ದುಡ್ಡು ಕಟ್ಟಬೇಕು. ಧಣಿಯದೇ ಕೋರ್ಟು, ಧಣಿಯದೇ ದಫ್ತರ. 1381ರ ಜೂನ್‌ನಲ್ಲಿ ತಲೆಗಂದಾಯದ ಸಿಟ್ಟಿಗೆ ಎಸೆಕ್ಸ್ ಮತ್ತು ಕೆಂಟ್ ಸೀಮೆಯ ಜನ ದಂಗೆ ಎದ್ದು ಲಂಡನ್ನಿಗೆ ನುಗ್ಗಿದರು. ದಾರಿಯುದ್ದಕ್ಕೂ ಅವರು ಹುಡುಕಿ ಹುಡುಕಿ ಸುಟ್ಟದ್ದು ಧಣಿಗಳ ದಾಖಲೆ ಸುರುಳಿಗಳನ್ನು. ತಮ್ಮನ್ನು ಕಟ್ಟಿಹಾಕಿರುವುದು ಬರವಣಿಗೆ ಎಂದು ಓದಲು ಬಾರದವರಿಗೂ ಗೊತ್ತಿತ್ತು. ಹದಿಹರೆಯದ ದೊರೆ ಎರಡನೇ ರಿಚರ್ಡ್ ಈ ಬಿಟ್ಟಿ ಪದ್ಧತಿ ರದ್ದು ಮಾಡುವುದಾಗಿ ಪತ್ರ ಬರೆದುಕೊಟ್ಟ. ಅವರ ನಾಯಕ ವ್ಯಾಟ್ ಟೈಲರ್ ಹತನಾಗಿ ದಂಗೆ ಮುರಿದ ಮೇಲೆ ಅದೇ ದೊರೆ ಆ ಪತ್ರಗಳನ್ನು ಹಿಂದಕ್ಕೆ ಪಡೆದ. ಈ ಇಡೀ ಕಥೆ ನಮಗೆ ಸಿಗುವುದು ಹೆಚ್ಚಾಗಿ ಮಠದ ಸನ್ಯಾಸಿಗಳು ಬರೆದ ವೃತ್ತಾಂತಗಳಿಂದ. ಆ ಮಠಗಳೂ ದೊಡ್ಡ ಜಮೀನ್ದಾರರೇ. ದಂಗೆಕೋರರು ಕೈಬರಹದಲ್ಲಿ ಹೇಗೆ ಕಂಡಿರಬಹುದು ಎಂದು ಬೇರೆ ಹೇಳಬೇಕೆ?

ಆ ಹೊತ್ತಿಗಾಗಲೇ ‘ವಿಲ್ಲನ್’ ಬೈಗುಳವಾಗಿಬಿಟ್ಟಿತ್ತು. ಮೊದಲು ಕೀಳು ಹುಟ್ಟಿನವನು, ಆಮೇಲೆ ಕೀಳು ಗುಣದವನು, ಕೊನೆಗೆ ದುಷ್ಟ. ಶೇಕ್ಸ್‌ಪಿಯರನ ‘ಆ್ಯಸ್ ಯು ಲೈಕ್ ಇಟ್’ ನಾಟಕದ ಆರಂಭದಲ್ಲೇ ಅಣ್ಣ ತಮ್ಮನನ್ನು ವಿಲನ್ ಎಂದು ಬೈಯುತ್ತಾನೆ, ದುಷ್ಟ ಎನ್ನುವ ಅರ್ಥದಲ್ಲಿ. ತಮ್ಮ ಬೇಕೆಂದೇ ಹಳೆಯ ಅರ್ಥ ಹಿಡಿದು, ನಾನು ಕೀಳು ಕುಲದವನಲ್ಲ, ಇಂಥ ಸರದಾರನ ಮಗ ಎಂದು ತಿರುಗೇಟು ಕೊಡುತ್ತಾನೆ. ಎರಡೂ ಅರ್ಥ ಪ್ರೇಕ್ಷಕರ ಕಿವಿಯಲ್ಲಿ ಇದ್ದ ಕಾಲ ಅದು. ಕಥೆಯಲ್ಲಿ ನಾಯಕನಿಗೆ ಎದುರು ನಿಲ್ಲುವ ಪಾತ್ರ ಎಂಬ ನಮ್ಮ ಸಿನಿಮಾ ಅರ್ಥ ಬಂದದ್ದು 19ನೇ ಶತಮಾನದಲ್ಲಿ. ಇತಿಹಾಸದ ಒಕ್ಕಲು ಮಾತ್ರ ಬೇಕಾದಾಗ ಇಂಗ್ಲಿಷಿನವರು ಈಗ ಕಾಗುಣಿತ ಕೊಂಚ ಬದಲಿಸಿ ಬೇರೆಯಾಗಿ ಬರೆಯುತ್ತಾರೆ. ಹೇಳುವಾಗ ಎರಡೂ ಒಂದೇ.

ಇನ್ನೂ ಸೋಜಿಗ ಎಂದರೆ ‘ವಿಲ್ಲಾ’ದ ಪಾಡು. ಫ್ರೆಂಚರಲ್ಲಿ ಅದು ‘ವಿಲ್’ ಆಗಿ ಪಟ್ಟಣವೇ ಆಯಿತು. ಅಮೆರಿಕದ ನ್ಯಾಶ್‌ವಿಲ್‌ನ ಬಾಲದಲ್ಲೂ ನಮ್ಮ ಪಕ್ಕದ ಆರೋವಿಲ್‌ನ ಬಾಲದಲ್ಲೂ ಇರುವುದು ಅದೇ. ಅದೇ ಫ್ರೆಂಚಿನಲ್ಲಿ ‘ವಿಲೆನ್’ ಎಂದರೆ ಇವತ್ತಿಗೂ ಕುರೂಪಿ, ತುಂಟ, ಕೆಟ್ಟದ್ದು. ಜಾಗ ಬಡ್ತಿ ಪಡೆಯಿತು, ಜಾಗದಲ್ಲಿ ದುಡಿದವನು ಹಿಂಬಡ್ತಿ ಪಡೆದ.

ಇಂಗ್ಲಿಷ್ ಲೇಖಕ ಸಿ. ಎಸ್. ಲೂಯಿಸ್ 1960ರಲ್ಲಿ ಬಂದ ‘ಸ್ಟಡೀಸ್ ಇನ್ ವರ್ಡ್ಸ್’ ಪುಸ್ತಕದಲ್ಲಿ ಇಂಥ ಪದಗಳ ಜಾಡು ಹಿಡಿದಿದ್ದಾರೆ. ಸ್ಥಾನಮಾನ ಸೂಚಿಸುವ ಪದಗಳು ನಿಧಾನಕ್ಕೆ ಗುಣ ಸೂಚಿಸುವ ಪದಗಳಾಗುತ್ತವೆ ಎಂಬುದು ಅವರ ಮಾತಿನ ತಿರುಳು. ನೋಬಲ್, ಜೆಂಟಲ್ ಎಂದರೆ ಮೂಲದಲ್ಲಿ ದೊಡ್ಡ ಮನೆತನದವರು; ಈಗ ಉದಾತ್ತ, ಮೃದು. ಡಚ್ ಭಾಷೆಯಲ್ಲಿ ‘ಬೂರ್’ ಎಂದರೆ ರೈತ, ಇಂಗ್ಲಿಷಿನಲ್ಲಿ ಒರಟ. ಅರ್ಬೇನ್ ಎಂದರೆ ಪಟ್ಟಣದವನು, ಆದ್ದರಿಂದ ನಯವಂತ. ಯಾರ ಕೈಯಲ್ಲಿ ಲೇಖನಿ ಇತ್ತೋ ಅವರ ಮನೆತನ ಸದ್ಗುಣವಾಯಿತು, ಅವರ ಆಳುಗಳ ಹೆಸರು ದುರ್ಗುಣವಾಯಿತು.

ಇಂಗ್ಲಿಷರನ್ನು ನೋಡಿ ನಗುವ ಮುಂಚೆ ನಮ್ಮ ಅಂಗಳಕ್ಕೂ ಬರೋಣ. ‘ಗಮಾರ’ ಎಲ್ಲಿಂದ ಬಂತು? ಗಾಂವ್, ಅಂದರೆ ಹಳ್ಳಿಯಿಂದಲೇ. ನಾವು ಅದು ಸಾಲದು ಎಂದು ‘ಹಳ್ಳಿ ಗಮಾರ’ ಎಂದು ಎರಡು ಸಲ ಹಳ್ಳಿ ಸೇರಿಸಿ ಬೈಯುತ್ತೇವೆ. ಸಂಸ್ಕೃತದ ಅಲಂಕಾರ ಶಾಸ್ತ್ರದಲ್ಲಿ ‘ಗ್ರಾಮ್ಯ’ ಒಂದು ಕಾವ್ಯದೋಷ. ‘ನಾಗರಿಕ’ ಎಂದರೆ ನಗರದವನು, ಹಾಗಾಗಿ ಸಭ್ಯ. ಪೌರ ಎಂದರೆ ಪುರದವನು. ಅಂದಮೇಲೆ ಪೌರತ್ವ, ನಾಗರಿಕ ಹಕ್ಕು, ಹಿರಿಯ ನಾಗರಿಕರ ರಿಯಾಯಿತಿ ಯಾವುದು ಬೇಕಾದರೂ ಹಳ್ಳಿಯ ಅಜ್ಜಿ ಮಾತಿನ ಮಟ್ಟಿಗಾದರೂ ಒಮ್ಮೆ ಪೇಟೆಗೆ ಹೋಗಿ ಬರಬೇಕು. ಇದಕ್ಕಿಂತ ಕರಾಳವಾದದ್ದೂ ಇದೆ. ದುಡಿಯುವ ಜಾತಿಗಳ ಹೆಸರುಗಳನ್ನೇ ಬೈಗುಳ ಮಾಡಿಕೊಂಡ ಭಾಷೆ ನಮ್ಮದು. 1989ರ ದೌರ್ಜನ್ಯ ತಡೆ ಕಾಯ್ದೆ ಬಂದ ಮೇಲೂ ಅವು ನಮ್ಮ ಕಟ್ಟೆಗಳ ಮೇಲೆ, ಕಾಲೇಜು ಹಾಸ್ಟೆಲುಗಳಲ್ಲಿ ಜೀವಂತವಾಗಿವೆ.

ಹಾಗೆಂದು ‘ವಿಲನ್’ ಪದವನ್ನು ಬಹಿಷ್ಕರಿಸಿ ಎಂದು ನಾವು ಕೇಳುತ್ತಿಲ್ಲ. ಅದು ಸತ್ತ ಹಾವು. ಮಳೆಯನ್ನು ವಿಲನ್ ಎಂದರೆ ಯಾವ ಒಕ್ಕಲಿಗೂ ನೋವಾಗುವುದಿಲ್ಲ. ನಮ್ಮ ತಕರಾರು ಇನ್ನೂ ಉಸಿರಾಡುತ್ತಿರುವ ಪದಗಳ ಬಗ್ಗೆ. ಬೆಂಗಳೂರಿನ ಪಬ್ಬಿನಲ್ಲಿ ಹೊಡೆದಾಟವಾದರೆ ‘ಗಲಾಟೆ’, ತಾಲ್ಲೂಕಿನ ಜಾತ್ರೆಯಲ್ಲಿ ಆದರೆ ‘ಅನಾಗರಿಕ ವರ್ತನೆ’ ಏಕಾಗುತ್ತದೆ? ಕಲಬುರಗಿಯ ಹೆಂಗಸು ಟೀವಿ ಮೈಕಿನ ಮುಂದೆ ತನ್ನ ಕನ್ನಡದಲ್ಲಿ ಮಾತಾಡಿದರೆ ಅದನ್ನು ‘ಗ್ರಾಮ್ಯ ಭಾಷೆ’ ಎಂದು ಕರೆದು ಕೆಳಗೆ ತಿದ್ದಿದ ಸಾಲು ಹಾಕುವುದು ಏಕೆ? ‘ಮುಗ್ಧ ಹಳ್ಳಿಗರು’ ಎಂಬುದೂ ನಮಗೆ ಅಷ್ಟೇ ಕಿರಿಕಿರಿ. ಪಹಣಿ, ಪೋಡಿ, ಬೆಳೆವಿಮೆ, ಬ್ಯಾಂಕಿನ ಬಡ್ಡಿ ಎಲ್ಲವನ್ನೂ ನಿಭಾಯಿಸಿಕೊಂಡು ಬದುಕುವ ಮನುಷ್ಯ ಮುಗ್ಧನಾಗಿರಲು ಹೇಗೆ ಸಾಧ್ಯ? ದುಷ್ಟ ಅಥವಾ ಮುಗ್ಧ, ಎರಡೇ ಪಾತ್ರ ಕೊಟ್ಟರೆ ಮೂರನೆಯದಾದ ಮಾಮೂಲಿ ಮನುಷ್ಯನಿಗೆ ಸುದ್ದಿಯಲ್ಲಿ ಜಾಗವೇ ಇರುವುದಿಲ್ಲ.

ಪ್ರತಿ ವರ್ಷ ಅಕ್ಟೋಬರ್, ನವೆಂಬರ್ ಬಂತೆಂದರೆ ದೆಹಲಿಯ ಹೊಗೆಗೆ ಪಂಜಾಬಿನ ರೈತ ವಿಲನ್ ಆಗುತ್ತಾನೆ. ಕೂಳೆ ಸುಡುವುದರಿಂದ ಹೊಗೆ ಏಳುವುದು ನಿಜವೇ. ಆದರೆ ಭತ್ತದ ಕಟಾವಿಗೂ ಗೋಧಿ ಬಿತ್ತನೆಗೂ ನಡುವೆ ಅವನಿಗೆ ಸಿಗುವುದು ಕೆಲವೇ ವಾರ, ಆ ಭತ್ತ ಬೆಳೆಯಲು ಹುರಿದುಂಬಿಸಿದ್ದು ಸರ್ಕಾರದ್ದೇ ಖರೀದಿ ಎಂಬ ಮಾತು ಒಳಪುಟಕ್ಕೆ ಹೋಗುತ್ತದೆ. ಇಲ್ಲೇ ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಭೂಸ್ವಾಧೀನದ ವಿರುದ್ಧ 13 ಹಳ್ಳಿಗಳ ಜನ ಮೂರು ವರ್ಷಕ್ಕೂ ಹೆಚ್ಚು ಕಾಲ ಹೋರಾಡಿದರು. 2025ರ ಜುಲೈನಲ್ಲಿ ಸರ್ಕಾರ ಸ್ವಾಧೀನ ಕೈಬಿಟ್ಟ ಮೇಲೆ, ಉದ್ಯಮ ಆಂಧ್ರಕ್ಕೆ ಹೋಗಿಬಿಡುತ್ತದೆ ಎಂಬ ಗೋಳು ದೊಡ್ಡದಾಗಿ ಕೇಳಿತು. ದ್ರಾಕ್ಷಿ, ರೇಷ್ಮೆ, ರಾಗಿ, ಹಾಲು ಕೊಡುವ ನೆಲವನ್ನು ಮಾರುವುದಿಲ್ಲ ಎಂದವರು ‘ಅಭಿವೃದ್ಧಿ ವಿರೋಧಿ’ ಎನಿಸಿಕೊಳ್ಳಲು ಎಷ್ಟು ಹೊತ್ತು ಬೇಕು?

ಅದೇ ದೇವನಹಳ್ಳಿ ರಸ್ತೆಯಲ್ಲಿ, ಸರ್ಜಾಪುರದ ಕಡೆಯಲ್ಲಿ ಬೋರ್ಡುಗಳನ್ನು ಓದುತ್ತಾ ಹೋಗಿ. ‘ವಿಲ್ಲಾ’ಗಳು ಮಾರಾಟಕ್ಕಿವೆ. ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳಲು ಅಡ್ಡಿಯಾಗಿದ್ದ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು 2020ರಲ್ಲಿ ತೆಗೆದುಹೋದವು. ನಿನ್ನೆವರೆಗೆ ರಾಗಿ ಬೆಳೆಯುತ್ತಿದ್ದ ಹೊಲದ ಸುತ್ತ ಕಾಂಪೌಂಡು ಏಳುತ್ತದೆ, ಒಳಗೆ ಹಸಿರು ಹುಲ್ಲುಹಾಸು, ಗೇಟಿನಲ್ಲಿ ನೋಂದಣಿ ಪುಸ್ತಕ. ಹೊಲದ ಹಳೆಯ ಒಡೆಯನ ಮನೆಯವರು ಕೆಲವು ಕಡೆ ಅದೇ ಗೇಟಿನಲ್ಲಿ ಕಾವಲಿಗೆ, ಒಳಗೆ ತೋಟದ ಕೆಲಸಕ್ಕೆ ಸೇರಿಕೊಂಡಿದ್ದಾರೆ. ಬೆಳಿಗ್ಗೆ ಒಳಗೆ ಹೋಗುವಾಗ ಅವರು ಗುರುತಿನ ಚೀಟಿ ತೋರಿಸಬೇಕು.