ಉಗಿ ಎಂಜಿನ್ನಿಗೆ ಇಂಡಿಯಲ್ಲೊಂದು ಸೂರು

ಹೊಟಗಿ–ಗದಗ ಮಾರ್ಗವನ್ನು ಸದರ್ನ್ ಮರಾಠಾ ರೈಲ್ವೆ ಹಾಕಿದ್ದು 1880ರ ದಶಕದಲ್ಲಿ. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ನಿಲ್ದಾಣಗಳ ಮೂಲಕ ಈ ಬರದ ಸೀಮೆಯ ಜನರನ್ನೂ ಸರಕನ್ನೂ ತಲೆಮಾರುಗಟ್ಟಲೆ ಎಳೆದದ್ದು ಮೀಟರ್‌ಗೇಜ್ ಉಗಿ ಎಂಜಿನ್. ಚಿತ್ತರಂಜನ್ ಕಾರ್ಖಾನೆ 1972ರಲ್ಲಿ ತನ್ನ ಕೊನೆಯ ಉಗಿ ಎಂಜಿನ್ ತಯಾರಿಸಿತು. ಬ್ರಾಡ್‌ಗೇಜ್ ಬಂದ ಮೇಲೆ ಇಲ್ಲಿನ ಹಳೆಯ ಹಳಿಯೂ ಉಳಿಯಲಿಲ್ಲ. ಅಂಥ ಒಂದು ಎಂಜಿನ್ನನ್ನಾದರೂ ಇಂಡಿಯಲ್ಲಿ ಉಳಿಸಿಡಬೇಕು. ಮೈಸೂರು, ಹುಬ್ಬಳ್ಳಿಯ ರೈಲು ವಸ್ತುಸಂಗ್ರಹಾಲಯಗಳು ಸಾಲವೇ ಎನ್ನಬಹುದು. ಇಂಡಿಯ ಶಾಲಾಮಕ್ಕಳಿಗೆ ಅವು ದೂರ. ಹಳಿಯೇ ಇಲ್ಲದ ಸಿಂದಗಿ, ಮುದ್ದೇಬಿಹಾಳಕ್ಕೆ ಮೊದಲು ರೈಲು ಬರಲಿ ಎಂಬ ಮಾತು ನ್ಯಾಯವಾದದ್ದೇ. ಆದರೆ ಒಂದು ಎಂಜಿನ್ನಿಗೆ ಸೂರು ಹಾಕುವ ವೆಚ್ಚದಿಂದ ಹೊಸ ಮಾರ್ಗವೇನೂ ತಡವಾಗದು. ಬಣ್ಣ ಬಳಿದು ಬಯಲಿಗೆ ನಿಲ್ಲಿಸಿದರೆ ಬಾಯ್ಲರ್ ತುಕ್ಕು ಹಿಡಿಯುತ್ತದೆ. ಇಂಡಿ ರೋಡ್ ನಿಲ್ದಾಣದಲ್ಲಿ ಸೂರಿನಡಿ ಇಟ್ಟು, ಸಿಲಿಂಡರಿನೊಳಗೆ ಉಗಿ ಪಿಸ್ಟನ್ ತಳ್ಳುತ್ತಿದ್ದ ಬಗೆ ಕಾಣುವಂತೆ ಒಂದು ಬದಿ ತೆರೆದಿಡಬೇಕು. ಕಲ್ಲಿದ್ದಲು ಹಾಕುತ್ತಿದ್ದ ಫೈರ್‌ಮನ್‌ಗಳ ಅನುಭವವನ್ನು ಅವರಿರುವಾಗಲೇ ದಾಖಲಿಸಬೇಕು.